ಕಡ ತಂದ ಹನ್ನೊಂದು ಹೆಸರು

ಮಾರ್ಚ್ ಹನ್ನೆರಡು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಿವೃತ್ತ ದರ್ಜಿಯೊಬ್ಬರು ಠಾಣೆಗೆ ಬಂದು ಇನ್‌ಸ್ಪೆಕ್ಟರ ಮೇಜಿನ ಮೇಲೆ ಒಂದು ಹೊಸ ಕತ್ತರಿ ಇಟ್ಟರು.

“ಐವತ್ತು ವರ್ಷ ಕತ್ತರಿ ಹಿಡಿದೋನು ನಾನು. ನಿನ್ನೆ ಅಂಚೇಲಿ ಬಂತು ಇದು. ಬಟ್ಟೆ ಕತ್ತರಿಸಲ್ಲ, ಮಡಚುತ್ತೆ. ಜೊತೆಗೊಂದು ಚೀಟಿ ಬೇರೆ, ‘ನಮ್ಮ ಉದ್ಯಮಕ್ಕೆ ಹಣ ಕೊಟ್ಟಿದ್ದಕ್ಕೆ ಧನ್ಯವಾದ’ ಅಂತ. ನಾನು ಬಿಡಿಗಾಸೂ ಕೊಟ್ಟಿಲ್ಲ!”

“ಹಾಗಾದ್ರೆ ನೀವು ಕಳ್ಕೊಂಡಿದ್ದೇನು?”

“ನನ್ನ ಹೆಸರು ಸ್ವಾಮಿ!”

ಇನ್‌ಸ್ಪೆಕ್ಟರ್ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ನೋಡಿದರು. ಅದು ಹಳೆಯ ಪತ್ರಿಕೆಯನ್ನು ಸರಸರನೆ ಕತ್ತರಿಸಿತು. ಇದು ಎಡಚರಿಗೆಂದೇ ಮಾಡಿದ ಕತ್ತರಿ. ಬೇರೆಯವರ ಹೆಸರು ಬಳಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ದಫೇದಾರರು ಕತ್ತರಿಗೂ ಪೊಟ್ಟಣಕ್ಕೂ ಪಂಚನಾಮೆ ಬರೆದರು.

ಚೀಟಿಯ ವಿಳಾಸ ಹಿಡಿದು ಹೋದರೆ, ಅದೊಂದು ಪುಟ್ಟ ಕಾರ್ಖಾನೆ. ಎಡಚರಿಗಾಗಿ ಕತ್ತರಿ, ಚಾಕು ಮಾಡುವ ಯುವತಿ ಕ್ರೌಡ್‌ಫಂಡಿಂಗ್ ಜಾಲತಾಣದಲ್ಲಿ ಜನರಿಂದ ಬಂಡವಾಳ ಕೇಳಿದ್ದಳು. ಕೊನೆಯ ದಿನದೊಳಗೆ ಇನ್ನೂರು ಜನ ಸೇರಬೇಕು, ಇಲ್ಲದಿದ್ದರೆ ಎಲ್ಲರ ಹಣವೂ ವಾಪಸ್. ಇದು ಷರತ್ತು.

“ಕೊನೇ ದಿನ ಮಧ್ಯಾಹ್ನ ನೂರ ಎಂಬತ್ತೊಂಬತ್ತೇ ಜನ ಇದ್ರು ಸಾರ್. ಸಂಜೆ ಒಟ್ಟಿಗೆ ಹನ್ನೊಂದು ಜನ ಬಂದ್ರು. ದೇವರೇ ಕಣ್ಣು ಬಿಟ್ಟ ಅಂದ್ಕೊಂಡೆ.”

“ಆ ಹನ್ನೊಂದೂ ಸುಳ್ಳಾದ್ರೆ?”

ಅವಳು ಹೊಸ ಸಾಣೆ ಯಂತ್ರದ ಮೇಲೆ ಕೈಯಿಟ್ಟಳು. “ಬಾಗಿಲು ಮುಚ್ಚಬೇಕು.”

ಇನ್‌ಸ್ಪೆಕ್ಟರ್ ಆ ಯಂತ್ರವನ್ನೊಮ್ಮೆ ನೋಡಿದರು. ಆದರೆ ಕೆಲಸ ಕೆಲಸವೇ. ಹನ್ನೊಂದು ವಿಳಾಸಗಳನ್ನೂ ತರಿಸಿ ಓದಿದರು. ‘ಗೇಟಿನ ಒಳಗೆ, ನಾಯಿ ಇದೆ.’ ‘ಹಿತ್ತಲು, ತೊಟ್ಟಿ ಪಕ್ಕ.’ ದರ್ಜಿಯ ವಿಳಾಸದಲ್ಲಿ ‘ಮೆಟ್ಟಿಲ ಕೆಳಗೆ’ ಎಂದಿತ್ತು. ಅವರು ದರ್ಜಿಗೆ ಫೋನ್ ಮಾಡಿದರು.

“ನಿಮ್ಮ ಮೆಟ್ಟಿಲ ಕೆಳಗೆ ಯಾರಿದ್ದಾರೆ?”

“ಅಲ್ಯಾರಿರ್ತಾರೆ? ನೀರಿನ ಮೀಟರಿದೆ.”

ಮಧ್ಯಾಹ್ನ ಮೂರು ನಲವತ್ತಕ್ಕೆ ನೀರು ಸರಬರಾಜು ಕಚೇರಿಯಲ್ಲಿ ಆ ಬೀದಿಗಳ ಮೀಟರ್ ರೀಡರ್ ಸಿಕ್ಕರು. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಮನುಷ್ಯ. ಕೇಳಿದ್ದಕ್ಕೆಲ್ಲ ಒಂದೇ ಉಸಿರಿಗೆ ಒಪ್ಪಿಕೊಂಡರು.

“ವಿಳಾಸ ಎಲ್ಲಿಂದ?”

“ನನ್ನ ಮೀಟರ್ ಪುಸ್ತಕದಿಂದ. ಹೇಗಿತ್ತೋ ಹಾಗೇ ಬರೆದೆ.”

“ಹಣ?”

“ನಂದೇ ಸಾರ್. ಅವಳು ನನ್ನ ಮಗಳು. ಎರಡು ವರ್ಷದಿಂದ ಮಾತಿಲ್ಲ. ನಿನ್ನ ದುಡ್ಡು ಮುಟ್ಟಲ್ಲ ಅಂದಿದ್ಳು.”

“ಕೊಟ್ಟೋರ ಮನೆಗೆಲ್ಲ ಕತ್ತರಿ ಹೋಗುತ್ತೆ ಅಂತ ಗೊತ್ತಿರಲಿಲ್ವಾ?”

“ಅದನ್ನ ಓದಲಿಲ್ಲ. ಟೈಮ್ ಇರಲಿಲ್ಲ ಸಾರ್, ಆರು ಗಂಟೆಗೆ ಮುಗೀತಿತ್ತು.”

“ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅನ್ನೋದನ್ನ ಇಷ್ಟು ಚೆನ್ನಾಗಿ ಪಾಲಿಸಿದೋರನ್ನ ನಾನು ನೋಡಿರಲಿಲ್ಲ,” ಎಂದರು ದಫೇದಾರರು.

ಹೆಸರಿನವರು ಒಪ್ಪಿಗೆ ಬರೆದುಕೊಟ್ಟರೆ ಆ ಹೆಸರು ಲೆಕ್ಕದಲ್ಲಿ ಉಳಿಯುತ್ತದೆ, ಹಣ ವಾಪಸಾಗುವುದಿಲ್ಲ ಎಂದು ಜಾಲತಾಣದವರು ತಿಳಿಸಿದರು. ಮರುದಿನ ಹೇಳಿಕೆ ಪಡೆಯುವಾಗ ಹತ್ತು ಮನೆಯವರು ನಕ್ಕು ಸಹಿ ಹಾಕಿದರು. ದರ್ಜಿ ಮಾತ್ರ ಪೂರ್ತಿ ಕತೆ ಕೇಳಿ, ಕನ್ನಡಕ ಒರೆಸಿಕೊಂಡು, “ಹೆಸರು ಇರಲಿ. ಕೇಸೂ ಇರಲಿ. ಕೇಳಿದ್ರೆ ನಾನೇ ಕೊಡ್ತಿದ್ದೆ,” ಎಂದರು.

ಹಾಗಾಗಿ ಸಂಜೆ ಐದು ಹತ್ತಕ್ಕೆ ಮೀಟರ್ ರೀಡರರ ಬಂಧನವಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಆರೋಪಿಯ ಹೇಳಿಕೆಯಲ್ಲಿ ಕಾನೂನಿಗೆ ಬೇಡದ ಎರಡು ಸಾಲುಗಳಿದ್ದವು. ‘ಮಗಳು ಅಕ್ಷರ ಕಲಿಯುವಾಗ ಮೂರು ವರ್ಷ ಅವಳ ಎಡಗೈಯನ್ನು ಕುರ್ಚಿಗೆ ಕಟ್ಟಿ ಕೂರಿಸಿದ್ದೆ. ಅದು ತಪ್ಪು ಎಂದು ಅವಳೆದುರು ಹೇಳಲು ಬಾಯಿ ಬಂದಿಲ್ಲ.’ ಇನ್‌ಸ್ಪೆಕ್ಟರ್ ಆ ಸಾಲುಗಳನ್ನು ತೆಗೆದುಹಾಕಲಿಲ್ಲ.

ಜಾಮೀನಿಗೆ ಮಗಳೇ ಬಂದಳು. ಹೇಳಿಕೆಯನ್ನು ಎರಡು ಸಲ ಓದಿದಳು.

“ಆರೋಪಿ ನಿಮಗೆ ಏನಾಗಬೇಕು?” ದಫೇದಾರರು ಕೇಳಿದರು.

“ಅಪ್ಪ.”

ದಫೇದಾರರು ಅವಳ ಬಲಕ್ಕೆ ಪೆನ್ನು ಇಟ್ಟರು.

“ಪೆನ್ನು ಆ ಕಡೆ ಇಡಿ ಸಾರ್,” ಹಿಂದಿನ ಬೆಂಚಿನಿಂದ ಅಪ್ಪ ಹೇಳಿದರು, “ಅವಳು ಎಡಗೈಲಿ ಬರೀತಾಳೆ.”

ಅವಳು ತಿರುಗಿ ಅವರನ್ನು ನೋಡಿದಳು. ಆಮೇಲೆ ಸಹಿ ಹಾಕಿದಳು.