ಹತ್ತು ನಿಮಿಷಕ್ಕೆ ನೂರು ಸೆಕೆಂಡು ಕಡಿಮೆ

"ಕೈ ನೋಡಬ್ಯಾಡ್ರಿ! ಕಣ್ಣು ಹಾಳಿ ಮ್ಯಾಲಿರ್ಲಿ!"

ಮಾತು ಮುಗಿಯುವಷ್ಟರಲ್ಲಿ ಒಂದು ಟವೆಲ್ ಬಂದು ಸ್ನೇಹಲ್‌ಳ ಎರಡೂ ಕೈಗಳ ಮೇಲೆ ಬಿತ್ತು. ಕೀಬೋರ್ಡೂ ಮಾಯ, ಬೆರಳೂ ಮಾಯ!

ಅವಳು ಬೆಚ್ಚಿ ತಲೆಯೆತ್ತಿದಳು. ಧಾರವಾಡದ ಆ ಟೈಪಿಂಗ್ ಕ್ಲಾಸಿಗೆ ಸೇರಿ ಅರ್ಧ ತಾಸೂ ಆಗಿರಲಿಲ್ಲ. ಎದುರಿಗೆ ನಿಂತಿದ್ದವನು ಅಲ್ಲಿ ಕಲಿಸುವ ಲೋಹಿತ.

"ಟವೆಲ್ ತಗೀರಿ ಸರ್. ನನಗ ಕೀಲಿ ಕಾಣವಲ್ವು."

"ಕಾಣಬಾರದು ಅಂತನ ಹಾಕಿದ್ದು. ಸುರು ಮಾಡ್ರಿ."

ಎಷ್ಟು ಸೊಕ್ಕು ಈ ಮನುಷ್ಯನಿಗೆ! ಬೈಯಬೇಕೆಂದವಳು ಅವನ ಕಣ್ಣು ನೋಡಿ ಸುಮ್ಮನಾದಳು. ಯಾಕೆ ಸುಮ್ಮನಾದೆ ಎಂದು ಒಪ್ಪಿಕೊಳ್ಳಲು ಅವಳಿಗೆ ಮೂರು ತಿಂಗಳು ಬೇಕಾಯಿತು.

ಸ್ನೇಹಲ್ ಅಮ್ಮಿನಬಾವಿಯವಳು. ತಾಯಿ ಸಾವಕ್ಕ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರರ ಹುದ್ದೆ ಇದ್ದದ್ದು ಒಂದೇ. ಬರವಣಿಗೆ ಪರೀಕ್ಷೆಯ ಪಟ್ಟಿಯಲ್ಲಿ ಸ್ನೇಹಲ್‌ಳ ನಂಬರೇ ಮೊದಲು. ಉಳಿದದ್ದು ಟೈಪಿಂಗ್. ಹತ್ತು ನಿಮಿಷ ಹೊಡೆಯಬೇಕು, ತಪ್ಪು ಕಳೆದು ನಿಮಿಷಕ್ಕೆ ಮೂವತ್ತು ಪದ ಬರಬೇಕು. ಬಂದರೆ ನೌಕರಿ, ಬಾರದಿದ್ದರೆ ಅದು ಪಟ್ಟಿಯ ಎರಡನೆಯವರಿಗೆ. ವಯಸ್ಸಿನ ಮಿತಿ ದಾಟುತ್ತಿದ್ದ ಅವಳಿಗೆ ಇದೇ ಕೊನೆಯ ಅವಕಾಶ.

ಪ್ರತಿ ಶನಿವಾರ ಲೋಹಿತ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದ. ಮೇಜಿನ ಮೇಲಿನ ಗಂಟೆ ಹೊಡೆದರೆ ಹತ್ತು ನಿಮಿಷ ಮುಗಿದಂತೆ. ಆಮೇಲೆ ಕೆಂಪು ಪೆನ್ನಿನಿಂದ ಲೆಕ್ಕ. ಇಪ್ಪತ್ತೆರಡು... ಇಪ್ಪತ್ತೈದು... ಇಪ್ಪತ್ತೇಳು. ಅಲ್ಲಿಂದ ಮುಂದೆ ಅಂಕಿ ಹಟ ಹಿಡಿದು ಕೂತುಬಿಟ್ಟಿತು!

ಆದರೂ ಅವಳು ಕ್ಲಾಸು ತಪ್ಪಿಸಲಿಲ್ಲ. ಅವನು "ಒತ್ತಕ್ಷರಕ್ಕ ಗಾಬರಿ ಆಗಬ್ಯಾಡ್ರಿ" ಎಂದು ಮೆಲ್ಲಗೆ ಹೇಳಿದ ದಿನ ಬಸ್ಸಿನಲ್ಲಿ ಒಬ್ಬಳೇ ನಕ್ಕಳು. ನಮ್ಮ ಹುಡುಗಿಗೆ ಟೈಪಿಂಗಿಗಿಂತ ಬೇಗ ಬೇರೇನೋ ಬಂದುಬಿಟ್ಟಿತ್ತು ಬಿಡಿ!

ಪರೀಕ್ಷೆಗೆ ಎರಡು ದಿನವಿದ್ದಾಗಲೂ ಅದೇ ಇಪ್ಪತ್ತೇಳು. ಇನ್ನು ಹೋಗಿ ಏನು ಮಾಡಲಿ? ಅವಮಾನ ಯಾಕೆ? ಅವಳು ಹಾಲ್ ಟಿಕೆಟ್ ಹರಿಯಲು ಕೈಯಲ್ಲಿ ಹಿಡಿದು ಕೂತಿದ್ದಾಗ ಕ್ಲಾಸಿನ ಗೆಳತಿ ಸುಜಾತಾ ಒಂದು ವಿಡಿಯೋ ಕಳಿಸಿದಳು. ಸ್ನೇಹಲ್‌ಳ ಬೆರಳು ಹೇಗೆ ಓಡುತ್ತವೆಂದು ಕಲಿಯಲು ಅವಳು ಅಂದಿನ ಟೆಸ್ಟನ್ನು ಪೂರ್ತಿ ಮೊಬೈಲಿನಲ್ಲಿ ಹಿಡಿದಿದ್ದಳು.

ಲೋಹಿತ "ಸುರು" ಅಂದಲ್ಲಿಂದ ಗಂಟೆ ಹೊಡೆಯುವವರೆಗೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು.

ಮತ್ತೆ ನೋಡಿದಳು. ಎಂಟು ಇಪ್ಪತ್ತು! ಹತ್ತಲ್ಲ!

ಕೂತಲ್ಲೇ ಲೆಕ್ಕ ಹಾಕಿದಳು. ಇಪ್ಪತ್ತೇಳು ಹತ್ತಲೆ ಇನ್ನೂರ ಎಪ್ಪತ್ತು ಪದ, ಎಂಟು ನಿಮಿಷ ಇಪ್ಪತ್ತು ಸೆಕೆಂಡು... ಅಂದರೆ ನಿಮಿಷಕ್ಕೆ ಮೂವತ್ತೆರಡು.

ಕೂಡಲೇ ಸುಜಾತಾಳ ಫೋನ್ ಬಂತು. "ಸ್ನೇಹಲ್, ಒಂದ ಮಾತು... ಲೋಹಿತ ಸರ್ ಮೇಜಿನ ಮ್ಯಾಲ ಅವರ ಹಾಲ್ ಟಿಕೆಟ್ ಇತ್ತು. ಪಟ್ಟ್ಯಾಗ ಎರಡನೇ ನಂಬರ್ ಅವರದ ಐತಿ."

ಸ್ನೇಹಲ್ ಹಾಲ್ ಟಿಕೆಟನ್ನು ಹರಿಯದೆ ಮಡಚಿ ಪರ್ಸಿನಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಕ್ಲಾಸಿನ ಬಾಗಿಲು ತೆರೆಯುವುದನ್ನೇ ಕಾದಿದ್ದು ಒಳಗೆ ನುಗ್ಗಿ ಮೊಬೈಲನ್ನು ಅವನ ಮುಂದೆ ಇಟ್ಟಳು.

"ಯಾಕ ಮೋಸ ಮಾಡಿದ್ರಿ?"

ವಿಡಿಯೋ ನೋಡಿದ ಲೋಹಿತನ ಮುಖದ ಬಣ್ಣ ಇಳಿಯಿತು.

"ಇದನ್ನ ಹೇಳಬೇಕಂತ..."

"ಎಂದ? ನಾ ಫೇಲಾಗಿ, ನಿಮಗ ನೌಕರಿ ಸಿಕ್ಕ ಮ್ಯಾಲಾ?"

"ಇಲ್ರಿ! ಖರೇನ ಇಲ್ಲ. ಹೋದ ಸಲ ನಾ ಇಲ್ಲಿ ನಲವತ್ತು ಹೊಡದಿದ್ದೆ. ಪರೀಕ್ಷಾದಾಗ ಕೈ ನಡುಗಿ ಇಪ್ಪತ್ತೊಂಬತ್ತಕ್ಕ ಬಿದ್ದೆ. ನಿಮ್ಮ ಕೈನೂ ನಡಗತಾವು. ಇಲ್ಲಿ ಜಾಸ್ತಿ ದುಡಿದ್ರ ಅಲ್ಲಿ ಮೂವತ್ತಾದ್ರೂ ಉಳೀತಾವ ಅಂತ ಗಂಟಿ ಲಗೂ ಹೊಡದೆ."

"ಮೂವತ್ತು ದಾಟಿ ಎಷ್ಟ ದಿನಾ ಆತು?"

ಲೋಹಿತ ಸ್ಟಾಪ್‌ವಾಚನ್ನು ಮೇಜಿನ ಖಾನೆಯೊಳಗೆ ಸರಿಸಿದ.

"ಹೇಳ್ರಿ!"

"ಒಂದ ತಿಂಗಳಾತು." ಅವನ ದನಿ ಕುಗ್ಗಿತು. "ಆಮ್ಯಾಲಿಂದ ಹೊಡದದ್ದು ನಿಮ್ಮ ಸಲುವಾಗಿ ಅಲ್ಲ. ಮೂವತ್ತು ಆತು ಅಂದ್ರ ನೀವು ಬರೋದು ಬಿಡತೀರಿ ಅಂತ... ತಪ್ಪಾತ್ರಿ ಸ್ನೇಹಲ್."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಕರಗಿಬಿಡುತ್ತಿದ್ದಳು. ಇಂದು ಕಣ್ಣಲ್ಲಿ ನೀರಿನ ಜೊತೆ ಬೆಂಕಿಯೂ ಇತ್ತು.

"ನಾ ನಿನ್ನೆ ಹಾಲ್ ಟಿಕೆಟ್ ಹರಿಯಾಕ ಕುಂತಿದ್ದೆ, ಗೊತ್ತೈತೇನ್ರಿ?"

ಅವನು ಕುರ್ಚಿಯಲ್ಲಿ ಕುಸಿದು, "ನಾಳೆ ಪರೀಕ್ಷಾಕ್ಕ ನಾ ಬರಂಗಿಲ್ಲ" ಎಂದ.

"ಬರಬೇಕು! ನೀವು ಬಿಟ್ಟುಕೊಟ್ಟ ನೌಕರಿ ನನಗ ಬ್ಯಾಡ." ಅಷ್ಟು ಹೇಳಿ ಹೊರಟುಬಂದಳು. ಅಳು ಬಂದದ್ದು ಮೆಟ್ಟಿಲಿಳಿದ ಮೇಲೆ.

ಪರೀಕ್ಷೆಯ ದಿನ ಲೋಹಿತ ಅವಳ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವಳು ತಿರುಗಿ ನೋಡಲಿಲ್ಲ. ಮೇಲ್ವಿಚಾರಕಿ ಲಕ್ಷ್ಮೀಬಾಯಿ ಕೈಯೆತ್ತಿ "ಸ್ಟಾರ್ಟ್" ಅಂದರು.

ಬೆರಳುಗಳು ಓಡಿದವು. ಮೊದಲ ಪುಟ ಮುಗಿಯಿತು. ಎರಡನೆಯದರಲ್ಲಿ ಕೈ ನಡುಗಿತು, ಸಾವರಿಸಿಕೊಂಡಳು. ಇನ್ನೇನು ಗೆದ್ದೆ ಎನ್ನುವಾಗ ಬೆರಳು ತಾವಾಗಿ ನಿಂತವು!

ಯಾವ ಗಂಟೆಯೂ ಹೊಡೆದಿರಲಿಲ್ಲ. ಆದರೆ ಆ ಬೆರಳುಗಳಿಗೆ ಗೊತ್ತಿದ್ದದ್ದು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಮಾತ್ರ. ಮನಸ್ಸು ಹೊಡಿ ಅನ್ನುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಅವ್ವಾ... ಮುಗಿಯಿತು, ಎಲ್ಲಾ ಮುಗಿಯಿತು!

"ಇನ್ನೂ ಟೈಮ್ ಐತ್ರಿ ಸ್ನೇಹಲ್! ನಿಲ್ಲಸಬ್ಯಾಡ್ರಿ! ಹೊಡೀರಿ!"

ಹಾಲಿನಲ್ಲಿ ಒಂದು ಕ್ಷಣ ಎಲ್ಲರ ಕೈಯೂ ತಡೆಯಿತು. ಹಿಂದಿನ ಸಾಲಿನಲ್ಲಿ ಲೋಹಿತ ಎದ್ದು ನಿಂತಿದ್ದ.

"ಯಾರ್ರೀ ಅದು? ಹೊರಗ ನಡೀರಿ! ನಿಮ್ಮ ಪರೀಕ್ಷೆ ರದ್ದು!" ಲಕ್ಷ್ಮೀಬಾಯಿ ಗುಡುಗಿದರು.

ಅವನ ಚಪ್ಪಲಿ ಸದ್ದು ಬಾಗಿಲ ಕಡೆಗೆ ಹೋಯಿತು. ಸ್ನೇಹಲ್ ತಿರುಗಲಿಲ್ಲ. ಹಾಳೆ ಮಂಜಾಗಿತ್ತು, ಕೆನ್ನೆ ತೊಯ್ದಿತ್ತು. ಆದರೆ ಬೆರಳು ಓಡುತ್ತಿದ್ದವು. ಸಮಯ ಮುಗಿಯುವವರೆಗೂ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಂಕಿ ಬಂತು. ತಪ್ಪು ಕಳೆದು, ಮೂವತ್ತೊಂದು.

ಗೇಟಿನಾಚೆ ಬಸ್ ಸ್ಟಾಪಿನ ಬೇವಿನ ಮರದ ಕೆಳಗೆ ಅವನು ನಿಂತಿದ್ದ. ಕೇಳಲು ಧೈರ್ಯವಿಲ್ಲದೆ ಬರೀ ಅವಳ ಮುಖ ನೋಡಿದ.

"ಮೂವತ್ತೊಂದು" ಅಂದಳು.

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಬಿಟ್ಟುಕೊಡಬ್ಯಾಡ್ರಿ ಅಂತ ಹೇಳಿದ್ನಿಲ್ಲ?"

"ಬಿಟ್ಟುಕೊಡಲಿಲ್ರಿ. ನಿಮ್ಮ ಕಡಿಂದ ಕದ್ದ ನೂರು ಸೆಕೆಂಡು ವಾಪಸ್ ಕೊಟ್ಟೆ, ಅಷ್ಟ."

"ನಿಮ್ಮ ಪರೀಕ್ಷಾ ಹೋತಲ್ಲ..."

"ನನಗ ಇನ್ನೂ ವಯಸ್ಸೈತಿ. ಮತ್ತ ಬರೀತೇನಿ."

ಅವಳಿಗೆ ಸಿಟ್ಟು ಇನ್ನೂ ಇತ್ತು. ಪ್ರೀತಿ ಅದಕ್ಕಿಂತ ಹೆಚ್ಚಿತ್ತು. ಎರಡನ್ನೂ ಮುಚ್ಚಿಡುವುದು ಸಾಕಾಗಿತ್ತು ಅವಳಿಗೆ.

"ಬರೋದು ಬಿಡತೇನಿ ಅಂತ ಅಂಜಿದ್ರಿ. ನನ್ನ ಒಮ್ಮೆಯಾದ್ರೂ ಕೇಳಿದ್ರೇನ್ರಿ?"

"ಇಲ್ಲ."

"ಈಗ ಕೇಳ್ರಿ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಸ್ನೇಹಲ್... ಇನ್ನ ಮ್ಯಾಲೂ ಬರತೀರೇನ್ರಿ?"

"ಕ್ಲಾಸಿಗೇನ್ರಿ?"

"ಅಲ್ರಿ... ನಮ್ಮ ಮನಿಗಿ."

ಅವಳು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅಮ್ಮಿನಬಾವಿಯ ಬಸ್ಸು ಬಂದು ನಿಂತಿತು. ಎರಡು ಮೆಟ್ಟಿಲು ಹತ್ತಿ ತಿರುಗಿದಳು.

"ಹತ್ರಿ. ಅದನ್ನ ಅವ್ವನ ಮುಂದ ಬಂದು ಕೇಳ್ರಿ. ಮದ್ಲ ನೀವು ಮಾಡಿದ್ದೆಲ್ಲಾ ಹೇಳಬೇಕು, ಒಂದೂ ಮುಚ್ಚಿಡಂಗಿಲ್ಲ."

"ಅವ್ವಾರು ಬೈತಾರ್ರಿ..."

"ಬೈತಾಳ. ಬೈಸ್ಕೋರಿ. ನಾ ಬಾಜೂಕ ನಿಂತಿರತೇನಿ."

ಲೋಹಿತ ಬಸ್ಸು ಹತ್ತಿದ.