ಹಿಂದಿನ ದನಿ

ಆ ಹಾಡನ್ನು ನಿಲ್ಲಿಸಲು ಆಗುತ್ತದೆಯೇ ಎಂದು ಅವನು ಕೇಳಿದಾಗ, ಅವಳು ಅವನ ಎಡಗಣ್ಣಿನ ಮುಂದೆ ಮೂರನೆಯ ಗಾಜನ್ನು ಇಡುತ್ತಿದ್ದಳು.

ಕನ್ನಡಕದ ಅಂಗಡಿಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ಎದುರಿನ ಗೋಡೆಯ ಮೇಲೆ ಸಾಲಿನಿಂದ ಸಾಲಿಗೆ ಚಿಕ್ಕದಾಗುವ ಅಕ್ಷರಗಳು, ಮೇಜಿನ ಮೇಲೆ ಅವಳ ಫೋನು, ಫೋನಿನಲ್ಲಿ ಸಣ್ಣಗೆ ಯಾವುದಾದರೊಂದು ಹಾಡು. ಇಷ್ಟು ವರ್ಷಗಳಲ್ಲಿ ಯಾರೂ ಬೇಡವೆಂದಿರಲಿಲ್ಲ. ಅದರಲ್ಲೂ ಆ ಹಾಡನ್ನು ಬೇಡವೆನ್ನುವವರು ಇರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಕೇಳಿದ್ದು ಮೆತ್ತಗೇ, ಒಡಕು ದನಿಯಲ್ಲಿ. ಅವಳು ನಿಲ್ಲಿಸಿದಳು. ಆದರೆ ಉಳಿದ ಗಾಜುಗಳನ್ನು ಸ್ವಲ್ಪ ಬಿರುಸಾಗಿಯೇ ಬದಲಿಸಿದಳು.

ಅವಳಿಗೆ ಹಾಡಿನ ಹುಚ್ಚು. ಸಿನಿಮಾ, ಧಾರಾವಾಹಿ, ಜಾಹೀರಾತಿನ ಎರಡು ಸಾಲು, ಯಾವುದಾದರೂ ಸರಿ. ತಮ್ಮ ಅವಳನ್ನು ಕಿವಿಹುಚ್ಚಿ ಎಂದು ಕರೆಯುತ್ತಿದ್ದ. ಅದೇ ಹೆಸರಿನಲ್ಲಿ ಅವಳು ಅಂತರ್ಜಾಲದಲ್ಲೊಂದು ಪುಟ ಮಾಡಿಕೊಂಡು ಪ್ರತಿ ಭಾನುವಾರ ಬರೆಯುತ್ತಿದ್ದಳು. ಓದುವವರು ಮುನ್ನೂರು ಜನ ಇದ್ದರೆ ಹೆಚ್ಚು. ಅವರಿಗೆಲ್ಲ ಬಾಯಿಪಾಠವಾಗಿದ್ದ ಬರಹ ಒಂದಿತ್ತು. ಅದು ಅವನು ನಿಲ್ಲಿಸಲು ಹೇಳಿದ ಆ ಹಾಡಿನ ಬಗ್ಗೆಯೇ; ಒಂದೇ ವಾರ ಓಡಿ ಮರೆಯಾದ ಒಂದು ಸಿನಿಮಾದ ಹಾಡು. ಎರಡನೆಯ ಚರಣ ಮುಗಿದ ಮೇಲೆ ಹನ್ನೊಂದು ಸೆಕೆಂಡು ಹಿನ್ನೆಲೆಯಲ್ಲಿ ಯಾರೋ ಗುನುಗುತ್ತಾರೆ; ಅವರ ಹೆಸರು ಎಲ್ಲಿಯೂ ಇಲ್ಲ. ನಡುವೆ ಒಂದು ಕಡೆ ಉಸಿರು ತುಸುವೇ ತಡವರಿಸುತ್ತದೆ. ಹದಿನೇಳರ ವಯಸ್ಸಿನಲ್ಲಿ ಅದನ್ನು ಕೇಳಿದ ಅವಳು, ಅದು ಅಳುವನ್ನು ನುಂಗಿಕೊಂಡವನ ಉಸಿರು ಎಂದು ಬರೆದಿದ್ದಳು. ಆ ಹನ್ನೊಂದು ಸೆಕೆಂಡಿನ ಮನುಷ್ಯ ಇನ್ನೂ ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ನಡೆದು ಬರುತ್ತಿದ್ದಾನೆ ಅನ್ನಿಸುತ್ತದೆ ಎಂದೂ ಬರೆದಿದ್ದಳು.

ಆ ಭಾನುವಾರ ಅವಳ ಸಿಟ್ಟು ಪುಟದ ಮೇಲೆ ಇಳಿಯಿತು. ಒಡಕು ದನಿಯ ಗಿರಾಕಿಯ ಕಥೆ ಹೇಳಿ, ಕಣ್ಣಿನ ದೋಷಕ್ಕೆ ಗಾಜು ಕೊಡಬಲ್ಲೆ, ಕಿವಿಯ ದೋಷಕ್ಕೆ ಏನು ಕೊಡಲಿ ಎಂದು ಕೇಳಿದಳು.

ಬುಧವಾರ ಅವನು ಕನ್ನಡಕ ತೆಗೆದುಕೊಂಡು ಹೋಗಲು ಬಂದ. ಅವಳು ಕಡ್ಡಿಯನ್ನು ಅವನ ಕಿವಿಯ ಹಿಂದೆ ಕೂರಿಸಿ, ಬಿಗಿಯಾಯಿತೇ ಎಂದು ನೋಡಲು ಬಾಗಿದಳು. ಹೊಸ ಗಾಜಿನ ಹಿಂದೆ ಅವನ ಕಣ್ಣುಗಳು ಅವಳ ಮುಖದ ಮೇಲೆ ನಿಂತು, ನಾಚಿ, ಗೋಡೆಯ ಅಕ್ಷರಗಳ ಕಡೆ ಹೋಗಿ, ಮತ್ತೆ ಬಂದವು.

“ಕಿವಿ ದೋಷಕ್ಕೆ ಏನಾದ್ರೂ ಸಿಕ್ತಾ?” ಎಂದ.

ಅವಳ ಕೈ ಅಲ್ಲಿಯೇ ನಿಂತಿತು. ಎರಡು ವರ್ಷದಿಂದ ಆ ಪುಟ ಓದುತ್ತಿದ್ದೇನೆ, ಬರೆಯುವವರು ಯಾರೆಂದು ತಿಳಿದದ್ದು ಮಾತ್ರ ಮೊನ್ನೆ ಎಂದು ಅವನೇ ಹೇಳಿದ. ಅವಳು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, “ಆ ಗುನುಗು ನಂದು” ಎಂದ.

ಅವಳು ನಂಬಲಿಲ್ಲ. ಅವನು ಒತ್ತಾಯಿಸಲೂ ಇಲ್ಲ.

“ಅದು ಅಳು ಅಲ್ಲ. ಗಾಜಿನ ಆಚೆ ರೆಕಾರ್ಡಿಂಗ್ ಮಾಡ್ತಿದ್ದವ್ರು ಊಟ ಬಂತು ಅಂತ ಕೈಸನ್ನೆ ಮಾಡಿದ್ರು. ಬೆಳಿಗ್ಗೆಯಿಂದ ನಾನು ಏನೂ ತಿಂದಿರ್ಲಿಲ್ಲ. ನಗು ಬಂದ್ಬಿಡ್ತು.”

ಹದಿನಾಲ್ಕು ವರ್ಷ ಕಾಪಾಡಿಕೊಂಡು ಬಂದ ದುಃಖ ಒಂದು ಊಟದ ಡಬ್ಬಿಯಾಗಿ ಹೋದದ್ದಕ್ಕೆ ಅವಳು ಅಳಬೇಕಿತ್ತು. ನಕ್ಕಳು. ಮೇಜು ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, ಒಂದೇ ಒಂದು ಸಲ ಗುನುಗುತ್ತೀರಾ ಎಂದು ಕೇಳಿಬಿಟ್ಟಳು. ಅವನು ಗಂಟಲು ಮುಟ್ಟಿಕೊಂಡ. ಆರು ವರ್ಷದ ಹಿಂದೆ ಅಲ್ಲೊಂದು ಆಪರೇಷನ್ ಆಗಿತ್ತು. ಉಳಿದ ದನಿ ಮಾತಿಗೆ ಸಾಕು, ರಾಗಕ್ಕೆ ಸಾಲದು ಎಂದು ಸರಳವಾಗಿ ಹೇಳಿದ.

ಈಗ ಅವನು ಕಿವಿ ಕೇಳದವರು ಸಿನಿಮಾ ನೋಡಲೆಂದು ಪರದೆಯ ಕೆಳಗೆ ಸಾಲು ಬರೆಯುತ್ತಿದ್ದ. ಸಂಗೀತ ಬಂದ ಕಡೆಯಲ್ಲೆಲ್ಲ ‘ಸಂಗೀತ’ ಎಂದಷ್ಟೇ ಬರೆದು ಮುಗಿಸಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ಬೇರೆ ಪದ ಹುಡುಕಲು ಸಹಾಯ ಮಾಡುತ್ತೀರಾ ಎಂದು ಕೇಳಿದ. ಹೀಗೆ ಶನಿವಾರದ ಮಧ್ಯಾಹ್ನಗಳು ಶುರುವಾದವು: ಅವನ ಕೆಲಸದ ಕೋಣೆ, ಒಂದು ಪರದೆ, ಎರಡು ಕುರ್ಚಿ, ಕಿಟಕಿಯಿಂದ ಬಂದು ನೆಲದ ಮೇಲೆ ನಿಧಾನವಾಗಿ ಜರುಗುವ ಬಿಸಿಲು.

“ವಯೊಲಿನ್, ಬಾಗಿಲ ತನಕ ಬಂದು ಒಳಗೆ ಬರೋಕೆ ಸಂಕೋಚ ಪಟ್ಟ ಹಾಗೆ,” ಎಂದು ಅವಳು ಕಣ್ಣು ಮುಚ್ಚಿ ಹೇಳುವಳು.

“ಒಂದು ಸಾಲಲ್ಲಿ ಹಿಡಿಸ್ಬೇಕು. ನೀವು ಕಾದಂಬರಿ ಬರೀತಿದ್ದೀರ,” ಎಂದು ಅವನು ಗೊಣಗುವನು. ಆಮೇಲೆ ‘ಸಂಕೋಚದ ವಯೊಲಿನ್’ ಎಂದು ಟೈಪ್ ಮಾಡಿ, ಮೆಚ್ಚಿದಳೇ ಎಂದು ಓರೆಗಣ್ಣಲ್ಲಿ ನೋಡುವನು. ಅವಳು ನೋಡದವಳಂತೆ ಇರುವಳು. ಕೆನ್ನೆ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ.

ಮೂರು ತಿಂಗಳ ಮೇಲೆ, ಗುನುಗಿನ ಮನುಷ್ಯ ಸಿಕ್ಕಿದನೆಂದು ಅವಳು ಉದ್ದನೆಯದೊಂದು ಬರಹ ಬರೆದಳು. ಪ್ರಕಟಿಸುವ ಮೊದಲು ಅವನಿಗೇ ಓದಿ ಹೇಳಿದಳು. ಅದರ ತುಂಬ ಆ ದನಿಯೇ: ಅದರ ನುಣುಪು, ಅದರ ಇಳಿತ. ಓದು ಮುಗಿದಾಗ ಅವನು ಪರದೆಯ ಕಡೆ ತಿರುಗಿಕೊಂಡಿದ್ದ.

“ನಿಮಗೆ ಇಷ್ಟವಾಗಿರೋದು ಅವನು. ನಾನು ಅವನ ಪರಿಚಯದವನು, ಅಷ್ಟೆ.”

ಮುಂದಿನ ಶನಿವಾರ ಕೆಲಸವಿಲ್ಲವೆಂದು ಮೆಸೇಜ್ ಬಂತು. ಅದರ ಮುಂದಿನ ವಾರವೂ ಹಾಗೆಯೇ.

ಬರಹವನ್ನು ಅವಳು ಪ್ರಕಟಿಸಲಿಲ್ಲ, ಅಳಿಸಿದಳು. ಮನೆ ಇಷ್ಟು ಸುಮ್ಮನಿದೆಯಲ್ಲ, ಫೋನು ಕೆಟ್ಟಿದೆಯಾ ಎಂದು ಅಮ್ಮ ಕೇಳಿದಾಗಲೇ, ಎಷ್ಟೋ ದಿನದಿಂದ ತಾನು ಯಾವ ಹಾಡನ್ನೂ ಹಾಕಿಲ್ಲವೆಂದು ಅವಳಿಗೆ ಹೊಳೆಯಿತು. ಅವನು ಹೇಳಿದ್ದು ನಿಜವೇ ಇರಬಹುದೇ? ಹದಿನೇಳರಲ್ಲಿ ಅವಳಿಗೆ ಯಾರ ಮೇಲೂ ಪ್ರೀತಿ ಇರಲಿಲ್ಲ. ಹಾಡುಗಳಿಂದ ವಿರಹವನ್ನು ಕಡ ತಂದುಕೊಂಡಿದ್ದಳು. ಅದು ತನ್ನದೇ ಎಂದು ನಂಬುವಷ್ಟು ಕಾಲ ಇಟ್ಟುಕೊಂಡಿದ್ದಳು. ಈಗಿನದೂ ಅಂಥದ್ದೇ ಇದ್ದರೆ?

ಹಾಸಿಗೆಯ ಅಂಚಿನಲ್ಲಿ ಕೂತು ಆ ಹಾಡನ್ನು ಹಾಕಿದಳು. ಎರಡನೆಯ ಚರಣ ಮುಗಿಯಿತು. ಗುನುಗು ಬಂತು, ಯಾವತ್ತಿನಷ್ಟೇ ಚೆಂದವಾಗಿ. ಅದರ ಹಿಂದೆ ವಾದ್ಯವೊಂದು ಮೆಲ್ಲಗೆ ಏರುವುದು ಇವತ್ತು ಮೊದಲ ಬಾರಿಗೆ ಕೇಳಿಸಿತು. ಇದನ್ನು ಕೂಡಲೇ ಅವನಿಗೆ ಹೇಳಬೇಕು, ಅವನು ಕೆಮ್ಮಿ, ಇಷ್ಟವಿಲ್ಲದೆ ಒಪ್ಪುವವನ ಹಾಗೆ ‘ಹ್ಞೂಂ’ ಎನ್ನಬೇಕು ಎಂದು ಅವಳ ಜೀವ ಚಡಪಡಿಸಿತು. ಹಾಡು ಯಾವಾಗ ಮುಗಿದೀತು ಎಂದು ಕಾಯುತ್ತಿದ್ದಳು. ಜೀವನದಲ್ಲಿ ಅದನ್ನು ಅವಳು ಹಾಗೆ ಕೇಳಿದ್ದು ಅದೇ ಮೊದಲು.

ಶನಿವಾರ ಕರೆಯದೆಯೇ ಹೋದಳು. ಅವನು ಬಾಗಿಲು ತೆರೆದು ಪಕ್ಕಕ್ಕೆ ಸರಿದ.

“ಆ ದನಿ ನಂಗೆ ಇಷ್ಟ. ಇಲ್ಲ ಅಂತ ಸುಳ್ಳು ಹೇಳಲ್ಲ,” ಎಂದಳು ಅವಳು ನಿಂತಲ್ಲೇ. “ಆದ್ರೆ ಅದು ಒಂದು ದಿನನೂ ನನ್ನ ಮಾತಿಗೆ ಉತ್ತರ ಕೊಟ್ಟಿಲ್ಲ. ನನ್ನ ಜೊತೆ ಒಂದು ಪದಕ್ಕೋಸ್ಕರ ಜಗಳ ಆಡಿಲ್ಲ. ಮೂರು ವಾರದಿಂದ ನಾನು ಕಾದಿದ್ದು ನಿಮಗಾಗಿ.”

ಅವನು ಎರಡನೆಯ ಕುರ್ಚಿಯನ್ನು ಅವಳ ಕಡೆ ಎಳೆದ.

“ನನ್ನ ಮಾತು ಕೇಳೋಕೆ ಚೆನ್ನಾಗಿರಲ್ಲ,” ಎಂದ.

“ಒಂಚೂರೂ ಚೆನ್ನಾಗಿಲ್ಲ. ಮಾತಾಡಿ.”

ಅವನು ನಕ್ಕ. ನಗುವೂ ಒಡಕಾಗಿಯೇ ಬಂತು. “ಹಾಗಾದ್ರೆ ಇನ್ಮೇಲೆ ‘ನೀನು’ ಅನ್ನಲಾ?” ಎಂದು ಕೇಳಿದ.

ಅವಳು ಹೂಂ ಎಂದು ತಲೆಯಾಡಿಸಿದಳು.

ಮರುವಾರ ಅವನ ಅಕ್ಕ ಇಬ್ಬರನ್ನೂ ಊಟಕ್ಕೆ ಕರೆದಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅವಳು, ಅಕ್ಕನ ಮುಂದೆ ಏನು ಮಾತಾಡಲಿ ಎಂದು ಅರ್ಧ ದಾರಿ ಕೇಳಿ ಕೇಳಿ ದಣಿದು, ಅವನ ಹೆಗಲಿಗೆ ಒರಗಿ ನಿದ್ದೆ ಹೋದಳು. ಇಳಿಯಬೇಕಾದ ನಿಲ್ದಾಣ ಬಂತು. ಅವನು ಅವಳ ಹಣೆಯ ಮೇಲಿನ ಬಿಸಿಲನ್ನು ನೋಡಿದ, ಅಂಗೈಯಿಂದ ಮರೆ ಮಾಡಿದ, ಏಳಲಿಲ್ಲ. ಬಸ್ಸು ಮುಂದಕ್ಕೆ ಹೋಯಿತು. ಅಕ್ಕನಿಗೆ ಒಂದೇ ಕೈಯಲ್ಲಿ ಮೆಸೇಜ್ ಬರೆದ: ಸ್ವಲ್ಪ ತಡವಾಗುತ್ತೆ, ಕಾಯ್ತಿರು.