ಬನಹಟ್ಟಿಯಲ್ಲಿ ಕರೆಂಟ್ ಹೋದಾಗ

ಈಶ್ವರನ ಬಾಯಿ ಬಿಡಿಸಲು ನಾನೊಂದು ಸಿನಿಮಾವನ್ನೇ ಮಾಡಬೇಕಾಯಿತು.

ಪುಣೆಯಲ್ಲಿ ಅನಿಮೇಷನ್ ಎಂ.ಎ. ಓದುತ್ತಿದ್ದೇನೆ. ಕೊನೆಯ ವರ್ಷದ ಫಿಲ್ಮಿನ ಹೀರೊನನ್ನು ಪಕ್ಕದ ಮನೆಯ ಈಶ್ವರನನ್ನು ನೋಡಿಯೇ ಬರೆದದ್ದು. ಅನಿಮೇಷನ್‌ನಲ್ಲಿ ಮೊದಲು ಧ್ವನಿ, ಆಮೇಲೆ ಚಿತ್ರ. ಮಾತಿಗೆ ತಕ್ಕಂತೆ ತುಟಿ ಬರೆಯಬೇಕು. ಅದೇ ನೆಪದಲ್ಲಿ ಅವನ ಪವರ್‌ಲೂಮ್ ಶೆಡ್ಡಿಗೆ ರೆಕಾರ್ಡರ್ ಹಿಡಿದು ಬಂದಿದ್ದೆ. ಅವನು ಹೇಳಬೇಕಾದದ್ದು ಒಂದೇ ಮಾತು: "ಹೋಗಬ್ಯಾಡ."

"ಮಗ್ಗ ನಿಂತಮ್ಯಾಲೆ ಹೇಳ್ತೇನಿ," ಎಂದ.

ಬನಹಟ್ಟಿಯಲ್ಲಿ ಕರೆಂಟ್ ಹೋಗದೆ ಮಗ್ಗ ನಿಲ್ಲುವುದಿಲ್ಲ. ಊರಿಗೆಲ್ಲ ಕರೆಂಟ್ ಬೇಕು, ಹೋಗಲೆಂದು ದೇವರಿಗೆ ಕೈ ಮುಗಿಯುತ್ತಿದ್ದವಳು ನಾನೊಬ್ಬಳೇ.

"ನಾಳೆ ಬೀಳಗಿಯವರು ನನ್ನ ನಿಶ್ಚಯಕ್ಕ ಬರ್ತಾರ, ಗೊತ್ತೈತಿಲ್ಲೋ?" ಅವನ ಕಿವಿಯ ಹತ್ತಿರ ಕೂಗಿದೆ.

ಹರಿದ ಎಳೆಗೆ ಗಂಟು ಹಾಕುತ್ತಲೇ ಓರೆಗಣ್ಣಲ್ಲಿ ನೋಡಿದ. ರೆಪ್ಪೆಯ ಮೇಲೆ ಹತ್ತಿಯ ಧೂಳು. ಒರೆಸಬೇಕೆನ್ನಿಸಿತು, ನಾಲ್ಕು ಬಾರಿಸಬೇಕೆಂದೂ ಅನ್ನಿಸಿತು.

"ಛಲೋ ಮನಿತನ ಅಂತ. ನೀ ಎಂ.ಎ. ಕಲಿಯಾಕತ್ತಾಕಿ, ನಾ ಮಗ್ಗದಾಂವ."

"ಅದನ್ನ ಯಾರು ಕೇಳಿದ್ರು ನಿನ್ನ? ನಾ ಇಲ್ಲಿ ಸಾಯಾಕತ್ತೇನಿ."

ಅವನು ಮತ್ತೆ ಎಳೆಯ ಮೇಲೆ ಬಗ್ಗಿದ. ನನಗೆ ಬದುಕೇ ಬೇಡವೆನ್ನಿಸಿತು. ರೆಕಾರ್ಡರನ್ನು ಬ್ಯಾಗಿಗೆ ತುರುಕಿ ಹೊರಟೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಅವನು ಕೂಗಿದ, ಮಗ್ಗದ ಸದ್ದನ್ನು ಮೀರಿಸಲು ನಮ್ಮ ಊರವರು ಕೂಗುವ ಹಾಗೆ, ಗಂಟಲು ಹರಿಯುವಂತೆ:

"ಅಕ್ಷತಾ, ನೀ ಇಲ್ಲದ ನನಗ ಬಾಳಾಕ ಆಗಾಂಗಿಲ್ಲ..."

ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಅವನ ಗಂಟಲು ಮಾತ್ರ ನಿಲ್ಲಲಿಲ್ಲ.

"...ನಿನ್ನ ಯಾರಿಗೂ ಬಿಟ್ಟುಕೊಡಾಂಗಿಲ್ಲ ನಾ."

ಎದುರಿನ ಕಟ್ಟೆಯ ಮೇಲೆ ನಮ್ಮಪ್ಪ ಮುರಗೆಪ್ಪ ಚಹಾ ಕುಡಿಯುತ್ತಿದ್ದ. ಕಪ್ಪು ಕೆಳಗಿಟ್ಟು ಎದ್ದು ಬಂದ.

"ಏನಂದಿಲೇ ಈಶ್ವರ?"

ಬಾಯಿ ತಪ್ಪಿ ಬಂತು ಎನ್ನುತ್ತಾನೆ, ಮುಗಿಯಿತು ನನ್ನ ಕಥೆ, ಎಂದು ಕಣ್ಣು ಮುಚ್ಚಿದೆ.

"ಖರೇನ ಅಂದೇನ್ರಿ ಕಾಕಾ." ಅವನು ಮಗ್ಗ ಬಿಟ್ಟು ಹೊಸ್ತಿಲಿಗೆ ಬಂದ.

ಅಪ್ಪ ನನ್ನತ್ತ ತಿರುಗಿದ. "ನೀ ಏನಂತಿಬೇ?"

"ಇವನ್ನ ಬಿಟ್ರ ನನಗ ಯಾರೂ ಬ್ಯಾಡಪ್ಪಾ." ಅಳು ತಡೆಯಲಾಗಲಿಲ್ಲ.

"ಬೀಳಗಿಯವರಿಗೆ ಏನ್ ಹೇಳ್ಲಿ?"

"ನೀವು ಹೇಳಬ್ಯಾಡ್ರಿ," ಎಂದ ಈಶ್ವರ. "ಈಗ ಬಸ್ ಹತ್ತಿ ನಾನ ಹೋಗಿ ಹೇಳ್ತೇನಿ."

ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಒಬ್ಬಾಂವ ಹೋದ್ರ ಕಾಲ್ ಮುರೀತಾರ. ತಡಿ," ಎಂದು ಚಪ್ಪಲಿ ಮೆಟ್ಟಿದ. "ನಾನೂ ಬರ್ತೇನಿ."